ಕೈಗೆಟಕುವ ಲ್ಯಾಪ್‌ಟಾಪ್: ಬಿಟ್ಟಿದ್ದೇನು, ಉಳಿದಿದ್ದೇನು

ರಮಣ ಮಹರ್ಷಿಗಳ ಜೀವನಚರಿತ್ರೆ ಓದಿದವರಿಗೆ ಆರ್ಥರ್ ಆಸ್ಬೋರ್ನ್ ಎಂಬ ಹೆಸರು ಗೊತ್ತಿರುತ್ತದೆ. ತಿರುವಣ್ಣಾಮಲೈಯಲ್ಲಿ ನೆಲೆಸಿ ಮಹರ್ಷಿಗಳ ಬಗ್ಗೆ ಬರೆದ ಇಂಗ್ಲಿಷ್ ಲೇಖಕ ಅವರು. ಅವರ ಮಗ ಆಡಮ್ ಹುಟ್ಟಿದ್ದು 1939ರಲ್ಲಿ, ಬ್ಯಾಂಕಾಕ್‌ನಲ್ಲಿ. ಬಾಲ್ಯ ಕಳೆದದ್ದು ತಮಿಳುನಾಡಿನಲ್ಲಿ, ಆಶ್ರಮದ ಆಸುಪಾಸಿನಲ್ಲಿ. ಹನ್ನೊಂದರ ವಯಸ್ಸಿಗೆ ಇಂಗ್ಲೆಂಡಿಗೆ ಹೋದ ಈ ಹುಡುಗ ರಾಸಾಯನಿಕ ಎಂಜಿನಿಯರಿಂಗ್ ಓದಿ, ಅಮೆರಿಕ ಸೇರಿ, ಮೈಕ್ರೊ ಕಂಪ್ಯೂಟರ್‌ಗಳ ಬಗ್ಗೆ ಪುಸ್ತಕ ಬರೆದು, ತಾನೇ ಪ್ರಕಾಶನ ಸಂಸ್ಥೆ ಕಟ್ಟಿ, ಅದನ್ನು ಮೆಕ್‌ಗ್ರಾ ಹಿಲ್‌ಗೆ ಮಾರಿದರು. ಕೈಗೆ ಬಂದ ಹಣವನ್ನು ಒಂದು ಪೆಟ್ಟಿಗೆಯ ಮೇಲೆ ಹಾಕಿದರು. 1981ರ ಏಪ್ರಿಲ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಕಂಪ್ಯೂಟರ್ ಮೇಳದಲ್ಲಿ ಜನ ಮುಗಿಬಿದ್ದು ನೋಡಿದ ಆ ಪೆಟ್ಟಿಗೆಯ ಹೆಸರು ಆಸ್ಬೋರ್ನ್ 1.

ಮುಚ್ಚಳ ಹಾಕಿ ಹಿಡಿ ಹಿಡಿದು ಎತ್ತಿದರೆ ಹೊಲಿಗೆ ಯಂತ್ರದ ಪೆಟ್ಟಿಗೆಯ ಹಾಗೆ ಕಾಣುತ್ತಿತ್ತು. ತೂಕ ಸುಮಾರು 11 ಕಿಲೊ. ತೊಡೆಯ ಮೇಲಿಟ್ಟುಕೊಳ್ಳುವ ಮಾತೇ ಇಲ್ಲ. ಆದರೂ ವಿಮಾನದಲ್ಲಿ ಸೀಟಿನ ಕೆಳಗೆ ತೂರುವಂತಿತ್ತು, ಮತ್ತು ಬೆಲೆ 1,795 ಡಾಲರ್. ಅದರ ಜೊತೆಗೆ ಬರುತ್ತಿದ್ದ ವರ್ಡ್‌ಸ್ಟಾರ್, ಸೂಪರ್‌ಕ್ಯಾಲ್ಕ್ ಮುಂತಾದ ತಂತ್ರಾಂಶಗಳನ್ನೇ ಬಿಡಿಬಿಡಿಯಾಗಿ ಕೊಂಡಿದ್ದರೆ ಹೆಚ್ಚುಕಡಿಮೆ ಅಷ್ಟೇ ದುಡ್ಡಾಗುತ್ತಿತ್ತು. ವಿನ್ಯಾಸ ಮಾಡಿದ ಲೀ ಫೆಲ್ಸೆನ್‌ಸ್ಟೈನ್‌ಗೆ ಆಡಮ್ ಕೊಟ್ಟ ಸೂತ್ರ ಒಂದೇ: ಕೆಲಸಕ್ಕೆ ಸಾಕಾಗುವಷ್ಟಿರಲಿ, ಅದಕ್ಕಿಂತ ಮೇಲಿನದೆಲ್ಲ ದಂಡ. ಹಾಗಾಗಿ ಬಣ್ಣವಿಲ್ಲ, ಹಾರ್ಡ್ ಡಿಸ್ಕ್ ಇಲ್ಲ, ಒಳಗೆ ಬ್ಯಾಟರಿ ಇಲ್ಲ. ತೆರೆ ಐದೇ ಇಂಚು. ಒಂದು ಸಾಲಿನಲ್ಲಿ 52 ಅಕ್ಷರ ಕಂಡರೆ ಮುಗಿಯಿತು, ಮಿಕ್ಕದ್ದನ್ನು ನೋಡಲು ಅತ್ತಿತ್ತ ಸರಿಸುತ್ತಾ ಹೋಗಬೇಕು.

ಅಗ್ಗದ ಲ್ಯಾಪ್‌ಟಾಪ್‌ನ ಚರಿತ್ರೆ ಶುರುವಾಗುವುದು ಇಲ್ಲಿಂದಲೇ. ಬೆಲೆ ಇಳಿದಾಗಲೆಲ್ಲ ಯಾರೋ ಒಬ್ಬರು ಏನನ್ನೋ ಕೈಬಿಟ್ಟಿದ್ದಾರೆ. ಬಿಟ್ಟದ್ದು ಸರಿಯಾದ ವಸ್ತುವಾಗಿದ್ದರೆ ಜನ ಕೊಂಡರು. ತಪ್ಪಾಗಿದ್ದರೆ, ಅದೆಷ್ಟೇ ಉದಾತ್ತ ಯೋಜನೆಯಾಗಿರಲಿ, ಕೈ ಹಾಕಲಿಲ್ಲ.

ಆಡಮ್ ಆಸ್ಬೋರ್ನ್ ಬಿಟ್ಟದ್ದರಲ್ಲಿ ಒಂದು ತಪ್ಪಿತ್ತು, ತೆರೆ. ಮರುವರ್ಷವೇ ಬಂದ ಕೇಪ್ರೊ ಎಂಬ ಲೋಹದ ಪೆಟ್ಟಿಗೆ 1,595 ಡಾಲರಿಗೆ ಒಂಬತ್ತು ಇಂಚಿನ ತೆರೆಯನ್ನೂ ಸಾಲಿಗೆ 80 ಅಕ್ಷರವನ್ನೂ ಕೊಟ್ಟಿತು. ಅತ್ತ ಆಸ್ಬೋರ್ನ್ ಕಂಪನಿ ಮುಂದಿನ ಮಾದರಿಯ ಸುದ್ದಿಯನ್ನು ಮೊದಲೇ ಬಾಯಿಬಿಟ್ಟಿತು, ಗಿರಾಕಿಗಳು ಹಳೆಯದನ್ನು ಕೊಳ್ಳದೆ ಕಾದು ಕುಳಿತರು. 1983ರ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿಯಾಯಿತು. ಇಂದಿಗೂ ಹೊಸ ಮಾದರಿಯನ್ನು ಅವಸರದಲ್ಲಿ ಘೋಷಿಸಿ ಕೈಸುಟ್ಟುಕೊಂಡವರ ಪ್ರಸಂಗಕ್ಕೆ ವ್ಯಾಪಾರದ ಪಾಠಗಳಲ್ಲಿ ಅವರದೇ ಹೆಸರು ಅಂಟಿದೆ. ಕಾಯಿಲೆ ಬಿದ್ದ ಆಡಮ್ ಕೊನೆಯ ವರ್ಷಗಳಿಗೆ ಮತ್ತೆ ತಮಿಳುನಾಡಿಗೆ ಬಂದು, 2003ರಲ್ಲಿ ಕೊಡೈಕೆನಾಲ್‌ನಲ್ಲಿ ತೀರಿಕೊಂಡರು.

ಒಯ್ಯಬಹುದಾದ ಅಗ್ಗದ ಗಣಕದ ಕಲ್ಪನೆ ಅವರ ಪೆಟ್ಟಿಗೆಗಿಂತಲೂ ಹಳೆಯದು. ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದ ಅಲನ್ ಕೇ 1972ರಲ್ಲೇ ನೋಟ್‌ಬುಕ್ಕಿನಷ್ಟು ದೊಡ್ಡದಾದ, ಮಕ್ಕಳು ಬಳಸುವ ಡೈನಾಬುಕ್ ಎಂಬ ಗಣಕದ ಚಿತ್ರ ಬರೆದಿದ್ದರು. ಅದರ ಬೆಲೆ 500 ಡಾಲರಿನೊಳಗಿರಬೇಕು ಎಂಬುದು ಅವರ ಆಸೆ. ನಿಜಕ್ಕೂ ಬಂದ ಮೊದಲ ಮಡಚುವ ಯಂತ್ರ ಅದರ ಹದಿನಾರು ಪಟ್ಟು ದುಬಾರಿಯಾಗಿತ್ತು. 1982ರ ಗ್ರಿಡ್ ಕಂಪಾಸ್‌ಗೆ ಮೆಗ್ನೀಷಿಯಂ ಕವಚ, ಮಡಚಿದರೆ ಕೀಲಿಮಣೆಯ ಮೇಲೆ ಮುಚ್ಚಿಕೊಳ್ಳುವ ತೆರೆ, 8,150 ಡಾಲರ್ ಬೆಲೆ. ನಾಸಾದವರು ಕೊಂಡು ಬಾಹ್ಯಾಕಾಶ ನೌಕೆಯಲ್ಲಿ ಒಯ್ದರು. ಗುಮಾಸ್ತರು, ಮೇಷ್ಟರು ಅದರ ಹತ್ತಿರ ಸುಳಿಯುವಂತಿರಲಿಲ್ಲ.

1983ರ ಟಿಆರ್‌ಎಸ್-80 ಮಾಡೆಲ್ 100 ಬೇರೆ ದಾರಿ ಹಿಡಿಯಿತು. ಜಪಾನಿನ ಕ್ಯೋಸೆರಾ ತಯಾರಿಸಿ, ಅಮೆರಿಕದ ರೇಡಿಯೊ ಶ್ಯಾಕ್ ಅಂಗಡಿಗಳು 1,099 ಡಾಲರಿಗೆ ಮಾರಿದ ಈ ಯಂತ್ರದಲ್ಲಿ ಎಂಟೇ ಸಾಲಿನ ತೆರೆ, ಎಂಟು ಕಿಲೊಬೈಟ್ ಮೆಮರಿ. ಫ್ಲಾಪಿ ಇಲ್ಲ. ಆದರೆ ಕೀಲಿಮಣೆಯಲ್ಲಿ ಜಿಪುಣತನ ಮಾಡಲಿಲ್ಲ, ಪೂರ್ತಿ ಅಳತೆಯ, ಬೆರಳಿಗೆ ಹಿತವಾದ ಕೀಲಿಗಳು. ಅಂಗಡಿಯಲ್ಲಿ ಸಿಗುವ ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಇಪ್ಪತ್ತು ಗಂಟೆಯ ಹತ್ತಿರ ಓಡುತ್ತಿತ್ತು. ದೂರವಾಣಿಗೆ ಜೋಡಿಸಿ ಬರೆದದ್ದನ್ನು ಕಳಿಸಲು ಮೋಡೆಮ್ ಕೂಡ ಒಳಗೇ ಇತ್ತು. ವರದಿಗಾರರು ಇದನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗಿದರು. ಅದರ ತಂತ್ರಾಂಶದ ದೊಡ್ಡ ಪಾಲನ್ನು ಬಿಲ್ ಗೇಟ್ಸ್ ಸ್ವತಃ ಬರೆದಿದ್ದರು. ತಾನು ಕೈಯಾರೆ ಕೋಡ್ ಬರೆದ ಕೊನೆಯ ಯಂತ್ರಗಳಲ್ಲಿ ಅದೊಂದು ಎಂದು ಅವರು ಹೇಳಿಕೊಂಡದ್ದುಂಟು. ಬಡ ಯಂತ್ರಗಳ ಇತಿಹಾಸದಲ್ಲಿ ಇಷ್ಟು ಜಾಣತನದಿಂದ ಕತ್ತರಿಯಾಡಿಸಿದ್ದು ಮತ್ತೊಂದಿಲ್ಲ.

ಇಂದಿನ ರೂಪಕ್ಕೆ ಹತ್ತಿರದ ಲ್ಯಾಪ್‌ಟಾಪ್ ತಂದವರು ತೋಷಿಬಾದವರು. 1985ರ ಟಿ1100ಗೆ ಸುಮಾರು ನಾಲ್ಕು ಕಿಲೊ ತೂಕ, 1,899 ಡಾಲರ್ ಬೆಲೆ. ತೆತ್ಸುಯಾ ಮಿಜೊಗುಚಿ ಇದನ್ನು ರೂಪಿಸಿದಾಗ ಕಂಪನಿಯ ಹಿರಿಯರಿಗೇ ನಂಬಿಕೆ ಇರಲಿಲ್ಲ. ಐರೋಪ್ಯ ಶಾಖೆಯಲ್ಲಿದ್ದ ಅತ್ಸುತೋಶಿ ನಿಶಿದಾ ವರ್ಷಕ್ಕೆ ಹತ್ತು ಸಾವಿರ ಮಾರಿಕೊಡುತ್ತೇನೆಂದು ಮಾತು ಕೊಟ್ಟು ಮುಂದೆ ತಳ್ಳಿದರು. ನಾಲ್ಕು ವರ್ಷಗಳ ಬಳಿಕ ತೋಷಿಬಾ ಜಪಾನಿನಲ್ಲಿ 1,98,000 ಯೆನ್‌ಗೆ ಒಂದು ಹಗುರ ಯಂತ್ರ ಬಿಟ್ಟು, ಅಲನ್ ಕೇ ಕಲ್ಪನೆಯ ಹೆಸರನ್ನೇ ಅದಕ್ಕಿಟ್ಟಿತು: ಡೈನಾಬುಕ್. ಕಾಲದ ಆಟ ನೋಡಿ, 2020ರಲ್ಲಿ ತೋಷಿಬಾ ಲ್ಯಾಪ್‌ಟಾಪ್ ವ್ಯವಹಾರದಲ್ಲಿ ತನಗೆ ಉಳಿದಿದ್ದ ಪಾಲನ್ನೂ ಶಾರ್ಪ್‌ಗೆ ಕೊಟ್ಟು ಕೈತೊಳೆದುಕೊಂಡಿತು. ಕಂಪನಿ ಹೋಯಿತು, ಡೈನಾಬುಕ್ ಎಂಬ ಹೆಸರು ಮಾತ್ರ ಉಳಿಯಿತು.

ಈ ಹೊತ್ತಿಗೆ ಭಾರತದಲ್ಲಿ ಏನು ನಡೆದಿತ್ತು? 1984ರ ನವೆಂಬರಿನಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂದು ಆಮದಿನ ಬಿಗಿಯನ್ನು ಸಡಿಲಿಸಿತು. ಆದರೂ ಲ್ಯಾಪ್‌ಟಾಪ್ ಎಂಬುದು ತೊಂಬತ್ತರ ದಶಕದ ಉದ್ದಕ್ಕೂ ದೊಡ್ಡ ಕಂಪನಿಗಳ ದೊಡ್ಡ ಅಧಿಕಾರಿಗಳ ಸ್ವತ್ತು. 1992ರಲ್ಲಿ ಐಬಿಎಂ ತಂದ ಕೆಂಪು ಗುಂಡಿಯ ಥಿಂಕ್‌ಪ್ಯಾಡ್ 700ಸಿಗೆ ಅಮೆರಿಕದಲ್ಲೇ 4,350 ಡಾಲರ್. ಇಲ್ಲಿಗೆ ಬರುವಾಗ ಸುಂಕವೂ ಸೇರುತ್ತಿತ್ತು.

ಬದಲಾವಣೆ ತಂದದ್ದು ಯಂತ್ರಕ್ಕಿಂತ ಹೆಚ್ಚಾಗಿ ಕಾಗದ. 1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. ಕಂಪ್ಯೂಟರ್ ಮತ್ತು ಬಿಡಿಭಾಗಗಳ ಮೇಲಿನ ಸುಂಕ ಹಂತಹಂತವಾಗಿ ಇಳಿದು 2005ರ ಹೊತ್ತಿಗೆ ಸೊನ್ನೆಗೆ ಬಂತು. ಅದಕ್ಕೂ ಮೊದಲು, 2004ರ ಜನವರಿಯಲ್ಲಿ, ಇನ್ನೊಂದು ಆದೇಶ ಹೊರಟಿತು: ಹದಿನೆಂಟು ತುಂಬಿದ ಪ್ರಯಾಣಿಕ ವಿದೇಶದಿಂದ ಬರುವಾಗ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಅಮೆರಿಕದಲ್ಲಿ ಪ್ರಾಜೆಕ್ಟ್ ಮುಗಿಸಿ ಬೆಂಗಳೂರಿಗೆ ಮರಳುವ ಸಾಫ್ಟ್‌ವೇರ್ ಎಂಜಿನಿಯರುಗಳ ಬ್ಯಾಗಿನಲ್ಲಿ ಚಾಕೊಲೇಟ್, ಸೆಂಟಿನ ಬಾಟಲಿಗಳ ಜೊತೆ ಲ್ಯಾಪ್‌ಟಾಪೂ ಸೇರಿದ್ದು ಆ ಕಾಲದಲ್ಲಿ. ತಂಗಿಗೊಂದು, ಭಾವನಿಗೊಂದು ಎಂದು ಬಂಧುಬಳಗದವರ ಬೇಡಿಕೆ ಪಟ್ಟಿಯೂ ಬೆಳೆಯಿತು.

ಊರಿನಲ್ಲೇ ಕೊಳ್ಳುವ ಮಧ್ಯಮ ವರ್ಗದವರಿಗೆ ಆಗ ಎಸ್.ಪಿ. ರಸ್ತೆಯೇ ಗತಿ. ಟೌನ್‌ಹಾಲ್ ಬಳಿಯ ಸದರ್ ಪತ್ರಪ್ಪ ರಸ್ತೆಯ ಇಕ್ಕಟ್ಟು ಅಂಗಡಿಗಳಲ್ಲಿ ಮದರ್‌ಬೋರ್ಡ್ ಒಂದು ಕಡೆ, ಮಾನಿಟರ್ ಇನ್ನೊಂದು ಕಡೆ, ಕ್ಯಾಬಿನೆಟ್ ಮತ್ತೊಂದು ಕಡೆ ಚೌಕಾಸಿ ಮಾಡಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಮನೆಗೆ ಬರುತ್ತಿತ್ತು. ಡೆಸ್ಕ್‌ಟಾಪಿಗೆ ಈ ಸೌಲಭ್ಯವಿತ್ತು, ಈ ವರ್ಷ ಬೇಡವೆನಿಸಿದ ಭಾಗವನ್ನು ಮುಂದಿನ ವರ್ಷ ಸೇರಿಸಿಕೊಳ್ಳಬಹುದಿತ್ತು. ಲ್ಯಾಪ್‌ಟಾಪ್‌ನಲ್ಲಿ ಬಿಟ್ಟದ್ದು ಬಹುಪಾಲು ಬಿಟ್ಟಂತೆಯೇ.

ಅದೇ ಬೆಂಗಳೂರಿನ ಇನ್ನೊಂದು ತುದಿಯಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಬಡವರ ಕಂಪ್ಯೂಟರಿನ ಬಹು ದೊಡ್ಡ ಪ್ರಯೋಗವೊಂದು ನಡೆಯಿತು. 1998ರ ಅಕ್ಟೋಬರಿನಲ್ಲಿ ನಗರದಲ್ಲಿ ನಡೆದ, ಅಭಿವೃದ್ಧಿಶೀಲ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಎಂಬ ವಿಷಯದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಬೀಜ ಬಿತ್ತು. ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಹಾಗೂ ಅವರ ಸಂಗಡಿಗರು ಸೇರಿ ಮರುವರ್ಷ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್ 25ರಂದು ಮಾದರಿ ಯಂತ್ರ ಹೊರಬಂತು. ಅಂಗೈಯಲ್ಲಿ ಹಿಡಿಯುವ ಗಾತ್ರ, ಲಿನಕ್ಸ್ ವ್ಯವಸ್ಥೆ, ಬೆರಳಿಗೂ ಕಡ್ಡಿಗೂ ಸ್ಪಂದಿಸುವ ತೆರೆ. ಓದು ಬಾರದವರಿಗಾಗಿ ಬರಹವನ್ನು ಕನ್ನಡದಲ್ಲೇ ಓದಿ ಹೇಳುವ ವ್ಯವಸ್ಥೆ. ಊರಿಗೆ ಒಂದೇ ಯಂತ್ರವಿದ್ದು, ಪ್ರತಿಯೊಬ್ಬರ ಬಳಿ ಅವರವರ ಸ್ಮಾರ್ಟ್ ಕಾರ್ಡ್ ಇದ್ದರೆ ಸಾಕು ಎಂಬುದು ಅದರ ಹಿಂದಿನ ಆಲೋಚನೆ.

ಜಗತ್ತಿನ ಪತ್ರಿಕೆಗಳು ಹೊಗಳಿದವು. ಐಫೋನ್ ಬರುವುದಕ್ಕೆ ಮೂರು ವರ್ಷ ಮೊದಲು, 2004ರ ಮಾರ್ಚ್‌ನಲ್ಲಿ, ಪಿಕೊಪೀಟ ಕಂಪನಿ ಮಾರುಕಟ್ಟೆಗೆ ತಂದ ಅಮಿಡಾ ಸಿಂಪ್ಯೂಟರಿನಲ್ಲಿ ಯಂತ್ರವನ್ನು ಅತ್ತಿತ್ತ ವಾಲಿಸಿದರೆ ಗುರುತಿಸುವ ಸಂವೇದಕವೂ ಇತ್ತು. ತಯಾರಿಸಿದ್ದು ಭಾರತ್ ಎಲೆಕ್ಟ್ರಾನಿಕ್ಸ್. ಆರಂಭದ ಬೆಲೆ 9,950 ರೂಪಾಯಿ. ಆದರೆ ಮಾರಾಟವಾದದ್ದು ಕೆಲವೇ ಸಾವಿರ.

ಸೋತಿದ್ದೇಕೆ ಎಂಬುದಕ್ಕೆ ಹಲವು ಉತ್ತರಗಳಿವೆ. ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗವಾಗಿತ್ತು, ಹಳ್ಳಿಗಳಿಗೆ ಬೇಕಾದ ಅಂತರ್ಜಾಲ ಸಂಪರ್ಕ ಇರಲಿಲ್ಲ, ಸರ್ಕಾರಗಳು ದೊಡ್ಡ ಸಂಖ್ಯೆಯಲ್ಲಿ ಕೊಳ್ಳಲಿಲ್ಲ. ಇವೆಲ್ಲ ನಿಜ. ಇನ್ನೊಂದನ್ನೂ ಸೇರಿಸಬೇಕು. ಹತ್ತು ಸಾವಿರ ಕೊಡಬಲ್ಲ ಮನೆಯವರು ಕಂಪ್ಯೂಟರೆಂದರೆ ಮಗ ಟೈಪ್ ಮಾಡಬೇಕು, ಮಗಳು ಪ್ರಾಜೆಕ್ಟ್ ವರದಿ ಬರೆಯಬೇಕು ಎಂದು ಬಯಸುತ್ತಿದ್ದರು. ಸಿಂಪ್ಯೂಟರಿನಲ್ಲಿ ಕೀಲಿಮಣೆಯನ್ನೇ ಬಿಟ್ಟಿದ್ದರು. ಬಡವರಿಗೆ ಏನು ಬೇಕೆಂಬುದನ್ನು ಬಹಳ ಆಳವಾಗಿ ಯೋಚಿಸಿದ ಯಂತ್ರವದು. ಕೊಳ್ಳಲು ಬರುವ ಕೆಳಮಧ್ಯಮ ವರ್ಗದವರು ಅದರ ಲೆಕ್ಕದಲ್ಲಿ ಇರಲಿಲ್ಲ.

ಸಿಂಪ್ಯೂಟರಿನ ಬೆನ್ನಿಗೇ ಅಮೆರಿಕದಿಂದ ನೂರು ಡಾಲರಿನ ಕನಸು ಬಂತು. ಎಂಐಟಿಯ ನಿಕೊಲಸ್ ನೆಗ್ರೊಪೊಂಟೆ 2005ರ ಜನವರಿಯಲ್ಲಿ ದಾವೋಸ್‌ನಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಎಂದು ಸಾರಿದರು. ಅದೇ ನವೆಂಬರಿನಲ್ಲಿ ಟ್ಯೂನಿಸ್‌ನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಜೊತೆ ನಿಂತು ಹಸಿರು ಬಣ್ಣದ ಮಾದರಿಯನ್ನು ತೋರಿಸಿದರು. ಕರೆಂಟ್ ಇಲ್ಲದ ಊರುಗಳಿಗಾಗಿ ಕೈಯಿಂದ ತಿರುಗಿಸುವ ಹಿಡಿ ಅದಕ್ಕಿತ್ತು. ಮಾರುಕಟ್ಟೆಗೆ ಬರುವಾಗ ಆ ಹಿಡಿಯೂ ಇರಲಿಲ್ಲ, ನೂರು ಡಾಲರೂ ಇರಲಿಲ್ಲ. ಬೆಲೆ ಇನ್ನೂರರ ಹತ್ತಿರ ಹೋಗಿತ್ತು. ಭಾರತದ ಶಿಕ್ಷಣ ಸಚಿವಾಲಯ 2006ರಲ್ಲೇ ಬೇಡವೆಂದಿತು: ಶಾಲೆಗಳಿಗೆ ತುರ್ತಾಗಿ ಬೇಕಿರುವುದು ತರಗತಿ ಕೋಣೆ, ಶಿಕ್ಷಕರು. ಒಪ್ಪಿಕೊಂಡ ದೇಶಗಳಲ್ಲಿ ಉರುಗ್ವೆ ಅದನ್ನು ತನ್ನ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಮುಟ್ಟಿಸಿತು. ಆದರೆ ಬಿಸಿಲಿನಲ್ಲೂ ಓದಬಹುದಾದ ಮೇರಿ ಲೂ ಜೆಪ್ಸೆನ್‌ರ ತೆರೆ ಅದ್ಭುತವಾದದ್ದೇ. ಇವತ್ತಿನ ನಲವತ್ತು ಸಾವಿರದ ಲ್ಯಾಪ್‌ಟಾಪನ್ನು ಜಗಲಿಯ ಬಿಸಿಲಿನಲ್ಲಿ ತೆರೆದು ನೋಡಿದವರಿಗೆ ಅದರ ಬೆಲೆ ಗೊತ್ತಾಗುತ್ತದೆ.

ಈ ಯೋಜನೆಯ ನಿಜವಾದ ಫಲ ಬೇರೆಯವರ ಪಾಲಾಯಿತು. ತೈವಾನಿನ ಆಸುಸ್ 2007ರಲ್ಲಿ ‘ಈ ಪಿಸಿ 701’ ಎಂಬ ಪುಟ್ಟ ಯಂತ್ರ ಬಿಟ್ಟಿತು. ತೆರೆ ಏಳು ಇಂಚು, ತೂಕ ಒಂದು ಕಿಲೊಗಿಂತ ಕಡಿಮೆ, ಸಂಗ್ರಹಕ್ಕೆ ನಾಲ್ಕು ಗಿಗಾಬೈಟ್, ಒಳಗೆ ಲಿನಕ್ಸ್. ಅಮೆರಿಕದಲ್ಲಿ 399 ಡಾಲರ್. ಬಡ ಮಕ್ಕಳಿಗಾಗಿ ಶುರುವಾದ ಪೈಪೋಟಿಯ ಲಾಭವನ್ನು ಬಾಚಿಕೊಂಡವರು ಶ್ರೀಮಂತ ದೇಶಗಳ ಮಧ್ಯಮ ವರ್ಗದವರು. ಮನೆಯಲ್ಲೊಂದು ದೊಡ್ಡ ಕಂಪ್ಯೂಟರ್ ಇದ್ದವರು ಪ್ರಯಾಣಕ್ಕೆಂದು ಇದನ್ನು ಕೊಂಡರು. ನೆಟ್‌ಬುಕ್ ಎಂಬ ವರ್ಗವೇ ಹುಟ್ಟಿತು. 2008ರಲ್ಲಿ ಇಂಟೆಲ್ ಅದಕ್ಕೆಂದೇ ಆಟಮ್ ಚಿಪ್ ತಂದಿತು. ಭಾರತದಲ್ಲಿ ಎಚ್‌ಸಿಎಲ್ ಮೈಲೀಪ್ ಹೆಸರಿನಲ್ಲಿ 13,990 ರೂಪಾಯಿಗೆ ಕೊಟ್ಟಿತು. ಅದೇ ವರ್ಷ ಜಗತ್ತಿನಲ್ಲಿ ಲ್ಯಾಪ್‌ಟಾಪ್ ಮಾರಾಟ ಮೊದಲ ಬಾರಿಗೆ ಡೆಸ್ಕ್‌ಟಾಪನ್ನು ಹಿಂದಿಕ್ಕಿತು.

ಮೈಕ್ರೊಸಾಫ್ಟ್‌ಗೆ ಇಕ್ಕಟ್ಟು. ಆಗಿನ ವಿಂಡೋಸ್ ವಿಸ್ಟಾ ಇಷ್ಟು ಬಡ ಯಂತ್ರದಲ್ಲಿ ಉಸಿರಾಡುತ್ತಿರಲಿಲ್ಲ. ಹಾಗೆಂದು ಲಿನಕ್ಸ್‌ಗೆ ಬಿಟ್ಟುಕೊಡಲೂ ಮನಸ್ಸಿಲ್ಲ. ನಿವೃತ್ತಿಗೆ ದಿನ ಗೊತ್ತಾಗಿದ್ದ ಎಕ್ಸ್‌ಪಿಗೆ ನೆಟ್‌ಬುಕ್‌ಗಳ ಮಟ್ಟಿಗೆ ಆಯುಸ್ಸು ಬೆಳೆಸಿತು, ಜೊತೆಗೆ ಯಂತ್ರದ ಮೆಮರಿ, ತೆರೆ ಇಷ್ಟಕ್ಕಿಂತ ದೊಡ್ಡದಿರಬಾರದು ಎಂದು ಗೆರೆ ಹಾಕಿತು. ಬಳಿಕ ಬಂದ ವಿಂಡೋಸ್ 7 ಸ್ಟಾರ್ಟರ್‌ನಲ್ಲಿ ತೆರೆಯ ಹಿನ್ನೆಲೆ ಚಿತ್ರವನ್ನು ಬದಲಿಸುವಷ್ಟು ಸ್ವಾತಂತ್ರ್ಯವೂ ಇರಲಿಲ್ಲ! ಅಲ್ಲಿಯವರೆಗೆ ಕಡಿಮೆ ದುಡ್ಡಿಗೆ ಕಡಿಮೆ ಸಾಮಾನು ಸಿಗುತ್ತಿತ್ತು. ಯಂತ್ರಕ್ಕೆ ತಾಕತ್ತಿದ್ದರೂ ಅಗ್ಗದ್ದೆಂಬ ಕಾರಣಕ್ಕೆ ಕಟ್ಟಿಹಾಕುವ ಪದ್ಧತಿ ನೆಟ್‌ಬುಕ್ ಕಾಲದಲ್ಲಿ ಬೇರೂರಿತು. ಇಕ್ಕಟ್ಟು ಕೀಲಿ, ತೆವಳುವ ಚಿಪ್ಪುಗಳಿಗೆ ಜನ ಬೇಸತ್ತರು. 2010ರಲ್ಲಿ ಐಪ್ಯಾಡ್ ಬಂತು. 2012ರ ಕೊನೆಗೆ ಆಸುಸ್, ಏಸರ್ ಎರಡೂ ನೆಟ್‌ಬುಕ್ ತಯಾರಿಕೆ ನಿಲ್ಲಿಸಿದವು.

ಭಾರತದಲ್ಲಿ ಆ ಹೊತ್ತಿಗೆ ಲ್ಯಾಪ್‌ಟಾಪ್ ರಾಜಕೀಯದ ಸರಕಾಗಿತ್ತು. 2011ರಲ್ಲಿ ಕೇಂದ್ರ ಸರ್ಕಾರ ಆಕಾಶ್ ಟ್ಯಾಬ್ಲೆಟ್ ಬಿಡುಗಡೆ ಮಾಡಿ ಜಗತ್ತಿನಲ್ಲೇ ಅಗ್ಗವೆಂದು ಬೀಗಿತು, ಕೈಗೆ ಬಂದದ್ದು ನಿಧಾನದ ತೆರೆ, ಬೇಗ ಖಾಲಿಯಾಗುವ ಬ್ಯಾಟರಿ. ಅದೇ ವರ್ಷ ತಮಿಳುನಾಡು ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚತೊಡಗಿತು. 2013ರಲ್ಲಿ ಉತ್ತರ ಪ್ರದೇಶ ಹಂಚಿದವುಗಳನ್ನು ತೆರೆದರೆ ಮುಲಾಯಂ ಸಿಂಗ್ ಮತ್ತು ಅಖಿಲೇಶ್ ತೆರೆಯ ಮೇಲೆ ನಗುತ್ತಿದ್ದರು. ಕರ್ನಾಟಕದಲ್ಲಿ ಮೊದಲು ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ, 2020ರ ಆರಂಭದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಸಿಕ್ಕಿತು. ಕೆಲವೇ ವಾರಗಳಲ್ಲಿ ಕೊರೊನಾ ಬಂದು ಕಾಲೇಜು ಬಾಗಿಲು ಮುಚ್ಚಿದಾಗ ಆ ಲ್ಯಾಪ್‌ಟಾಪ್‌ಗಳಿಗೆ ಬೆಲೆ ಬಂತು.

ಕನ್ನಡದಲ್ಲಿ ಬರೆಯುವವರಿಗೆ ಈ ಚರಿತ್ರೆಯಲ್ಲಿ ಒಂದು ಸಮಾಧಾನವಿದೆ. ಯಾವ ಅಗ್ಗದ ಲ್ಯಾಪ್‌ಟಾಪೂ ಕೀಲಿಗಳ ಮೇಲೆ ಕನ್ನಡ ಅಚ್ಚು ಹಾಕಿಕೊಂಡು ಬರಲಿಲ್ಲ, ಬರುವ ಅಗತ್ಯವೂ ಬೀಳಲಿಲ್ಲ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಇಂಗ್ಲಿಷ್ ಕೀಲಿಗಳ ಉಚ್ಚಾರಣೆಯನ್ನೇ ಅನುಸರಿಸುತ್ತದೆ, ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತಿದರಾಯಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ, ಅದಕ್ಕೂ ಮುಂಚೆ 1998ರಲ್ಲಿ ಶೇಷಾದ್ರಿವಾಸು ತಂದ ಬರಹ ತಂತ್ರಾಂಶ, ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ತುಂಗಾ ಅಕ್ಷರಶೈಲಿ, ಇವು ಅತಿ ಬಡ ಯಂತ್ರದಲ್ಲೂ ನಡೆದವು. ತಾಲ್ಲೂಕು ಕಚೇರಿಯಿಂದ ಜಿಲ್ಲಾ ಪತ್ರಿಕೆಯ ಡೆಸ್ಕಿನವರೆಗೆ ಹಳೇ ಯಂತ್ರಗಳು ದಶಕಗಟ್ಟಲೆ ಬಾಳಿದ್ದರಲ್ಲಿ ಇದರ ಪಾಲೂ ಇದೆ.

ಕತ್ತರಿಯಾಟ ನಿಂತಿಲ್ಲ. 2023ರ ಜುಲೈನಲ್ಲಿ ರಿಲಯನ್ಸ್ ಜಿಯೊ ಮೊಬೈಲ್ ಫೋನಿನ ಚಿಪ್, 4 ಗಿಗಾಬೈಟ್ ಮೆಮರಿ, 64 ಗಿಗಾಬೈಟ್ ಸಂಗ್ರಹವಿರುವ ಜಿಯೊಬುಕ್ಕನ್ನು 16,499 ರೂಪಾಯಿಗೆ ಬಿಟ್ಟಿತು. ವಿಂಡೋಸ್ ಅದರಲ್ಲಿ ನಡೆಯುವುದಿಲ್ಲ. ಮರುತಿಂಗಳೇ, ಆಗಸ್ಟ್ 3ರಂದು, ಕೇಂದ್ರ ಸರ್ಕಾರ ಲ್ಯಾಪ್‌ಟಾಪ್ ಆಮದಿಗೆ ಪರವಾನಗಿ ಬೇಕೆಂದು ಆದೇಶ ಹೊರಡಿಸಿತು. ವ್ಯಾಪಾರಿಗಳ ಗದ್ದಲಕ್ಕೆ ಅದನ್ನು ಮುಂದೂಡಿ, ಕೊನೆಗೆ ಅನುಮತಿ ಪಡೆದು ತರಿಸುವ ಸಡಿಲ ವ್ಯವಸ್ಥೆಗೆ ಇಳಿಸಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಉಚಿತ ಬೆಂಬಲ ಮುಗಿಯಿತು. 2017ಕ್ಕಿಂತ ಹಳೆಯ ಚಿಪ್ ಇರುವ ಬಹುಪಾಲು ಯಂತ್ರಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಅದೇ ಹೊತ್ತಿಗೆ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ಮೆಮರಿಯ ಬೆಲೆ ಏರಿತು.

ಹೀಗಾಗಿ ನಲವತ್ತು ಐವತ್ತು ಸಾವಿರದ ಗಿರಾಕಿಗೆ ಇವತ್ತು ಸಿಗುವ ಯಂತ್ರದಲ್ಲೂ ಬಿಟ್ಟ ವಸ್ತುಗಳಿವೆ, ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ ಅಷ್ಟೆ. ಚಿಪ್ಪಿನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ, ಮಂಕು ತೆರೆಯನ್ನು ಜೋಡಿಸಿರುತ್ತಾರೆ. ಮೆಮರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಆಸ್ಬೋರ್ನ್‌ನಿಂದ ಈವರೆಗಿನ ನಲವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಗಿರಾಕಿ ಸಣ್ಣ ಸಂಗ್ರಹವನ್ನು ಕ್ಷಮಿಸಿದ್ದಾನೆ, ನಿಧಾನದ ಚಿಪ್ಪನ್ನೂ ಒಂದು ಮಟ್ಟದವರೆಗೆ ಸಹಿಸಿದ್ದಾನೆ. ಕಣ್ಣಿಗೆ ಹಿಡಿಸದ ತೆರೆ ಮತ್ತು ಬೆರಳಿಗೆ ಒಗ್ಗದ ಕೀಲಿಯನ್ನು ಕ್ಷಮಿಸಿದ ಉದಾಹರಣೆ ಇಲ್ಲ. ಸಿಇಟಿ ಸೀಟು ಹಿಡಿದ ಮಗನಿಗೋ ಮಗಳಿಗೋ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಅದನ್ನು ಆನ್ ಮಾಡಿಸಿ, ಬಾಗಿಲ ಬೆಳಕಿಗೆ ಹಿಡಿದು ನೋಡಿ, ಒಂದು ಪುಟ ಟೈಪ್ ಮಾಡಿಸಿ. ತಳ ಬಿಚ್ಚಿದರೆ ಇನ್ನೊಂದು ಮೆಮರಿ ಹಾಕಲು ಖಾಲಿ ಸ್ಲಾಟ್ ಇದೆಯೇ ಎಂದು ಕೇಳಿ, ಇದೆ ಎಂದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.